ಸೋತ ಔಷಧದ ಸುದ್ದಿಯನ್ನೂ ಹಾಕಿ

ಸಂಪಾದಕರೇ,

ತಲೆಗೆ ಪೆಟ್ಟಾದವರಿಗೆ ಹೊಸ ಔಷಧ, ಇಲಿಗಳಲ್ಲಿ ಒಳ್ಳೆ ಫಲಿತಾಂಶ ಅಂತ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದೇ ಔಷಧ ಮನುಷ್ಯರಿಗೆ ನಾಟಲಿಲ್ಲ ಅಂತ ಗೊತ್ತಾದಾಗ ಮಾತ್ರ ಒಂದು ಸಾಲೂ ಇರುವುದಿಲ್ಲ. ನಾನು ನ್ಯೂರೋ ವಾರ್ಡಿನಲ್ಲಿ ನರ್ಸ್. ಬೈಕಿನಿಂದ ಬಿದ್ದು ಪ್ರಜ್ಞೆ ತಪ್ಪಿದ ಹುಡುಗನನ್ನು ಐಸಿಯುಗೆ ಹಾಕಿ ಅರ್ಧ ಗಂಟೆ ಆಗಿರಲ್ಲ, ಹೊರಗಡೆ ಮಾವನೋ ಚಿಕ್ಕಪ್ಪನೋ ಮೊಬೈಲ್ ಹಿಡಿದು ಅಡ್ಡ ಬರುತ್ತಾರೆ. "ಸಿಸ್ಟರ್, ಬಾವು ಇಳಿಯೋಕೆ ಸ್ಟೀರಾಯ್ಡ್ ಯಾಕೆ ಕೊಟ್ಟಿಲ್ಲ? ದುಡ್ಡಿನ ಯೋಚನೆ ಬೇಡ."

ಕೇಳೋದರಲ್ಲಿ ತಪ್ಪೇನಿಲ್ಲ. ಪೆಟ್ಟು ಬಿದ್ದ ಮಿದುಳು ಊದಿಕೊಳ್ಳುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿ ಏರಿ ಕೊನೆಗೆ ಮಿದುಳಿಗೆ ರಕ್ತ ಹತ್ತುವುದೇ ಕಷ್ಟವಾಗುತ್ತದೆ, ಎಷ್ಟೋ ಸಲ ಬಿದ್ದ ಪೆಟ್ಟಿಗಿಂತ ಆಮೇಲಿನ ಈ ಊತವೇ ಜೀವಕ್ಕೆ ಮುಳುವಾಗುತ್ತದೆ. ಮಿದುಳಿನ ಗೆಡ್ಡೆಯ ಸುತ್ತ ಬರುವ ಊತ ಸ್ಟೀರಾಯ್ಡಿಗೆ ಇಳಿಯುತ್ತದೆ. ಹಾಗಾದರೆ ಪೆಟ್ಟಿನ ಊತವೂ ಇಳಿಯಬೇಕು ಅಲ್ವಾ? ಡಾಕ್ಟರುಗಳೂ ಹಾಗೇ ಅಂದುಕೊಂಡು ದಶಕಗಟ್ಟಲೆ ಕೊಟ್ಟರು.

ಆಮೇಲೆ ‘ಕ್ರ್ಯಾಶ್’ ಅನ್ನೋ ಪ್ರಯೋಗ ನಡೆಯಿತು, 49 ದೇಶಗಳಲ್ಲಿ. ಪೆಟ್ಟಾಗಿ 8 ಗಂಟೆಯೊಳಗೆ ಬಂದವರಲ್ಲಿ ಅರ್ಧ ಜನಕ್ಕೆ 48 ಗಂಟೆ ಸ್ಟೀರಾಯ್ಡ್ ಡ್ರಿಪ್, ಉಳಿದವರಿಗೆ ನೋಡೋಕೆ ಹಾಗೇ ಇರುವ, ಔಷಧವಿಲ್ಲದ ಡ್ರಿಪ್. ಯಾರಿಗೆ ಯಾವುದು ಅಂತ ಡ್ರಿಪ್ ಹಾಕಿದವರಿಗೂ ಗೊತ್ತಿಲ್ಲ. 20,000 ಜನರನ್ನು ಸೇರಿಸುವ ಲೆಕ್ಕವಿತ್ತು, 10,008ಕ್ಕೇ ನಿಲ್ಲಿಸಿದರು. 2004ರಲ್ಲಿ ಫಲಿತಾಂಶ ಹೊರಬಂತು. ಎರಡು ವಾರದೊಳಗೆ ತೀರಿಕೊಂಡವರು ಔಷಧವಿಲ್ಲದ ಗುಂಪಿನಲ್ಲಿ 100ಕ್ಕೆ ಸುಮಾರು 18, ಸ್ಟೀರಾಯ್ಡ್ ಪಡೆದವರಲ್ಲಿ 21. ಕೊಟ್ಟಿದ್ದೇ ಜಾಸ್ತಿ ಜನರ ಜೀವ ತೆಗೆದಿತ್ತು.

100ಕ್ಕೆ ಮೂರು ಜನ. ಎಷ್ಟೇ ಅನುಭವ ಇರಲಿ, ಒಂದು ವಾರ್ಡಿನಲ್ಲಿ ನಿಂತು ಈ ವ್ಯತ್ಯಾಸ ಕಾಣೋಕೆ ಆಗಲ್ಲ. ಉಳಿದವನು ಸ್ಟೀರಾಯ್ಡಿನಿಂದ ಉಳಿದ ಅನ್ನಿಸುತ್ತದೆ, ಹೋದವನ ಹಣೆಬರಹ ಅಷ್ಟೇ ಇತ್ತು ಅನ್ನಿಸುತ್ತದೆ. ಹತ್ತು ಸಾವಿರ ಜನರ ಲೆಕ್ಕ ಒಟ್ಟಿಗೆ ಹಾಕಿದಾಗಲೇ ಗೊತ್ತಾಗಿದ್ದು. ಇಷ್ಟು ದೊಡ್ಡ ಸುದ್ದಿ, ಇವತ್ತಿಗೂ ಆ ಚಿಕ್ಕಪ್ಪನ ಕಿವಿಗೆ ಬಿದ್ದಿಲ್ಲ!

ತಲೆಪೆಟ್ಟಿಗೆ ಕೊಟ್ಟು ನೋಡಿದ ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನಿನ ಕಥೆಯೂ ಇದೇ. ಇಲಿಗಳಲ್ಲಿ ಗೆದ್ದಿತ್ತು, ಸಣ್ಣ ಪ್ರಯೋಗಗಳಲ್ಲಿ ಆಸೆ ಹುಟ್ಟಿಸಿತ್ತು, 2014ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂದಾಗ ಏನೂ ಉಪಯೋಗವಿಲ್ಲ ಅಂತಾಯಿತು. ಪುಣ್ಯಕ್ಕೆ ಇದರಿಂದ ಸಾವು ಹೆಚ್ಚಲಿಲ್ಲ.

ಔಷಧ ಕೊಡದೇ ಇರುವುದೂ ಒಂದು ಚಿಕಿತ್ಸೆ ಅಂತ ಐಸಿಯು ಬಾಗಿಲಲ್ಲಿ ನಿಂತು, ಅಳುತ್ತಿರುವ ಮನೆಯವರಿಗೆ ನಾವು ಹೇಳಿದರೆ ಜಾರಿಕೊಳ್ಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಅದನ್ನೇ ಮೊದಲೇ ಪೇಪರಿನಲ್ಲಿ ಓದಿದ್ದರೆ ನಂಬುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ, ಗೆದ್ದ ಔಷಧಕ್ಕೆ ಕೊಡುವಷ್ಟೇ ಜಾಗ ಸೋತದ್ದಕ್ಕೂ ಕೊಡಿ. ‘ಹೊಸ ಔಷಧ’ ಅಂತ ಹಾಕುವಾಗ ಪ್ರಯೋಗ ಇಲಿಯ ಮೇಲಾ, ಮನುಷ್ಯರ ಮೇಲಾ, ಎಷ್ಟು ಜನರ ಮೇಲೆ ಅನ್ನೋದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

– ಒಬ್ಬ ನರ್ಸ್, ದಾವಣಗೆರೆ