ಹೊಸಬರ ಕೈಗೆ ಬ್ಲೇಡ್ ಐರನ್ ಯಾಕೆ?

ಮಾನ್ಯ ಸಂಪಾದಕರೇ,

‘ಬ್ಲೇಡ್ ಐರನ್‌ನಲ್ಲೇ ಗಾಲ್ಫ್ ಕಲಿಯಿರಿ, ಕೈ ಪಳಗುತ್ತದೆ’ ಎನ್ನುವ ಸಲಹೆ ಈಗಲೂ ಸಿಗುತ್ತಿದೆ. ಬ್ಲೇಡ್ ಐರನ್ ಎಂದರೆ ತೆಳುವಾದ, ಹಿಂಬದಿ ಚಪ್ಪಟೆಯಾದ ಲೋಹದ ತಲೆಯಿರುವ ಗಾಲ್ಫ್ ಕ್ಲಬ್ (ಚೆಂಡು ಹೊಡೆಯುವ ಕೋಲು). ನಾನೂ ನಂಬಿ ಎರಡು ವರ್ಷ ಬ್ಲೇಡ್ ಹಿಡಿದೆ. ಚೆಂಡು ಕ್ಲಬ್‌ನ ತಲೆಯ ನಟ್ಟನಡುವೆ ತಾಗಿದರೆ ಆ ಸುಖವೇ ಬೇರೆ, ನಿಜ. ಆದರೆ ನನ್ನ ಹತ್ತು ಹೊಡೆತಗಳಲ್ಲಿ ಏಳು ತುದಿಗೇ ತಾಗುತ್ತಿದ್ದವು. ಕ್ಲಬ್‌ನ ತಲೆ ತಿರುಗಿ, ಚೆಂಡು ಗ್ರೀನ್ (ಕುಳಿಯಿರುವ ನುಣುಪು ಹುಲ್ಲಿನ ಜಾಗ) ಮುಟ್ಟುವ ಮೊದಲೇ ಬೀಳುತ್ತಿತ್ತು. ಬೆರಳು ಜುಮ್ಮೆನ್ನುತ್ತಿತ್ತು.

ಹಿಂಬದಿ ಗುಳಿಬಿದ್ದಂತಿರುವ ಕ್ಯಾವಿಟಿ ಬ್ಯಾಕ್ ಐರನ್‌ನಲ್ಲಿ ತೂಕ ಅಂಚಿಗೆ ಹಂಚಿರುತ್ತದೆ, ಹಾಗಾಗಿ ತಲೆ ಅಷ್ಟು ತಿರುಗುವುದಿಲ್ಲ. ಗಾಲ್ಫ್ ಕ್ಲಬ್ ತಯಾರಿಸುವ ಪಿಂಗ್ ಕಂಪನಿಯ ಸ್ಥಾಪಕ ಕಾರ್ಸ್ಟನ್ ಸೋಲ್ಹೈಮ್ ಇದನ್ನು ದಶಕಗಳ ಹಿಂದೆಯೇ ತೋರಿಸಿಕೊಟ್ಟರು, ಅಲ್ವಾ?

ಕೊಳ್ಳುವಾಗ ಲಾಫ್ಟ್, ಅಂದರೆ ಕ್ಲಬ್ ಮುಖದ ಓರೆ ಎಷ್ಟು ಎಂದು ಕೇಳಿ. ಹಳೆ ಮಾದರಿಯ 7 ಐರನ್‌ಗೆ ಸುಮಾರು 34 ಡಿಗ್ರಿ. ಹೊಸ ಕ್ಯಾವಿಟಿ ಬ್ಯಾಕ್‌ಗಳಲ್ಲಿ 30ಕ್ಕಿಂತ ಕಡಿಮೆಯೂ ಇರುತ್ತದೆ. ಓರೆ ಕಡಿಮೆಯಾದರೆ ಚೆಂಡು ಹೆಚ್ಚು ದೂರ ಹೋಗುತ್ತದೆ, ಹಾಗಾಗಿ ದೂರ ಜಾಸ್ತಿ ಬಂತೆಂದು ಸುಮ್ನೆ ಹಿಗ್ಗಬೇಡಿ.

— ಒಬ್ಬ ಹವ್ಯಾಸಿ ಆಟಗಾರ