ಮುಂದೆ ಬರುವ ಕಾರ್ಪೊರೇಟರ್ ಅವರಿಗೆ, ಮೊದಲು ನಮ್ಮ ಹಿಂದಿನ ಗಲ್ಲಿಗೆ ಬನ್ನಿ

ನಮಸ್ಕಾರ,

ನೀವು ಸಾರೋ ಮೇಡಮ್ಮೋ, ಯಾವ ಪಕ್ಷದವರೋ ನನಗೆ ಗೊತ್ತಿಲ್ಲ. ಮೈಸೂರಿನ ಪಾಲಿಕೆ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು, ಆಮೇಲೆ ಯುಗಾದಿ ಮೇಲೆ ಯುಗಾದಿ ಕಳೆದರೂ ಚುನಾವಣೆ ಬರಲಿಲ್ಲ. 65 ವಾರ್ಡಿನಲ್ಲಿ ಒಂದಕ್ಕೂ ಕಾರ್ಪೊರೇಟರ್ ಇಲ್ಲ ಅಂದರೆ ಏನು ಅಂತ ಬೀದಿಯಲ್ಲಿ ಬಾಳುವವರಿಗೆ ಗೊತ್ತು. ಮೊದಲಾದರೆ ದೀಪ ಕೆಟ್ಟರೆ, ನೀರು ಬರದಿದ್ದರೆ ನಿಮ್ಮಂಥವರ ಮನೆ ಬಾಗಿಲಿಗೆ ಹೋಗುತ್ತಿದ್ದೆವು, ಜಗಳ ಆಡುತ್ತಿದ್ದೆವು, ಕೊನೆಗೆ ಯಾರಾದರೂ ಬಂದು ನೋಡುತ್ತಿದ್ದರು. ಈಗ ಫೋನಿನಲ್ಲಿ ದೂರು ಹೇಳಿ ನಂಬರ್ ಬರೆದಿಟ್ಟುಕೊಳ್ಳುತ್ತೇವೆ, ಅಷ್ಟೇ. ಅದಕ್ಕೇ ನೀವು ಗೆದ್ದು ಬರುವ ಮುಂಚೆಯೇ ಈ ಪತ್ರ ಬರೆಯುತ್ತಿದ್ದೇನೆ.

ನಾನಿರುವುದು ಕೃಷ್ಣಮೂರ್ತಿಪುರಂನಲ್ಲಿ. ವೋಟು ಕೇಳಲು ಬಂದಾಗ ನೀವು ನಮ್ಮ ಮುಂದಿನ ರಸ್ತೆಯಲ್ಲಿ ಬರುತ್ತೀರಿ. ಅಲ್ಲಿ ರಂಗೋಲಿ ಇರುತ್ತದೆ, ಹೊಂಗೆ ಮರದ ನೆರಳು ಇರುತ್ತದೆ, ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆದರೆ ಮನೆಗಳ ಬೆನ್ನಿಗೆ ಇನ್ನೊಂದು ದಾರಿ ಇದೆ. ನಾವು ಅದನ್ನು ಕನ್ಸರ್ವೆನ್ಸಿ ಅಂತೀವಿ. ನನ್ನ ಕೋರಿಕೆ ಒಂದೇ, ಗೆದ್ದ ಮೇಲೆ ಮೊದಲು ಆ ಗಲ್ಲಿಯಲ್ಲಿ ಒಂದು ಸಲ ನಡೆಯಿರಿ.

ಆ ಗಲ್ಲಿ ಯಾಕಿದೆ ಅಂತ ನಮ್ಮ ಬೀದಿಯ ಹೊಸ ಬಾಡಿಗೆದಾರರಿಗೆ ಗೊತ್ತಿಲ್ಲ. 1898ರ ಹೊತ್ತಿಗೆ ಈ ಸೀಮೆಗೆ ಪ್ಲೇಗು ಬಂತು. ಒತ್ತೊತ್ತಾಗಿದ್ದ ಹಳೇ ಮೊಹಲ್ಲಾಗಳಲ್ಲಿ ಗಾಳಿ ಬೆಳಕು ಇರಲಿಲ್ಲ. 1903ರಲ್ಲಿ ಇಲ್ಲಿ ನಗರ ಸುಧಾರಣೆಗೆ ಅಂತಲೇ ಒಂದು ಮಂಡಳಿ ಆಯಿತು. ಆಮೇಲೆ ಎದ್ದ ಬಡಾವಣೆಗಳಲ್ಲಿ ಮುಂದೆ ಅಗಲ ರಸ್ತೆ, ಹಿಂದೆ ಈ ಗಲ್ಲಿ. ಆಗ ಮನೆ ಹಿಂದೆ ಒಣ ಪಾಯಿಖಾನೆ ಇರುತ್ತಿತ್ತು. ಅದನ್ನು ಮನುಷ್ಯರೇ ಬಳಿದು, ತಲೆ ಮೇಲೆ ಹೊತ್ತು ಈ ದಾರಿಯಲ್ಲಿ ಹೋಗುತ್ತಿದ್ದರು, ಮುಂದಿನ ರಸ್ತೆಯವರ ಕಣ್ಣಿಗೆ ಬೀಳದ ಹಾಗೆ. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಗಲ್ಲಿಯನ್ನು ಕಣ್ಣಿಗೆ ಕಾಣದ ಜಾಗ ಅಂತ ನೋಡುವ ನಮ್ಮ ಅಭ್ಯಾಸ ಇವತ್ತಿಗೂ ಹೋಗಿಲ್ಲ.

ಈಗ ಅಲ್ಲಿ ಏನಿದೆ ಗೊತ್ತಾ? ಒಡೆದ ಕಮೋಡು, ಮನೆ ರಿಪೇರಿ ಮಾಡಿದ ಮಣ್ಣು, ತೆಂಗಿನ ಗರಿ, ವರ್ಷಗಟ್ಟಲೆ ಅಲುಗಾಡದ ಒಂದು ಕಾರು. ಇದರ ಅಡಿಯಲ್ಲಿ ನಮ್ಮೆಲ್ಲರ ಯುಜಿಡಿ ಪೈಪು, ಅಂದರೆ ಮನೆಗಳ ಕೊಳಚೆ ನೀರು ಹೋಗುವ ಒಳಚರಂಡಿ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರೇ ಇರುತ್ತಾರೆ. ಅವರ ಬಚ್ಚಲಿನಿಂದ ಹೊಲಸು ನೀರು ಉಕ್ಕಿ ದೇವರ ಮನೆ ಹೊಸ್ತಿಲ ತನಕ ಬಂದಿತ್ತು. ಅಜ್ಜಿ ಕುರ್ಚಿ ಮೇಲೆ ಕಾಲಿಟ್ಟುಕೊಂಡು ಬೆಳಗಿನವರೆಗೂ ಕೂತಿದ್ದರು, ನಮ್ಮನ್ನು ಎಬ್ಬಿಸಲು ಸಂಕೋಚ ಅಂತೆ. ಬೆಳಗ್ಗೆ ಅವರ ಮುಖ ನೋಡಿದಾಗ ನನಗೆ ಆದ ನಾಚಿಕೆ ಹೇಳತೀರದು. ನೀರನ್ನು ಜೋರಾಗಿ ಚಿಮ್ಮಿಸಿ ಪೈಪಿನ ಕಟ್ಟು ಬಿಡಿಸುವ ಜೆಟ್ಟಿಂಗ್ ಗಾಡಿ ಬಂತು, ಆದರೆ ಆ ಕಾರು ಅಡ್ಡ ನಿಂತಿದ್ದರಿಂದ ಗಲ್ಲಿಯ ಒಳಗೆ ಹೋಗಲಿಲ್ಲ. ಮ್ಯಾನ್‌ಹೋಲ್ ಮುಚ್ಚಳ ಹುಡುಕಿದರೆ ಅದೂ ಸಿಗಲಿಲ್ಲ, ಹಿಂದೊಮ್ಮೆ ಕಾಂಕ್ರೀಟ್ ಹಾಕಿದವರು ಮುಚ್ಚಳದ ಮೇಲೂ ಹಾಕಿಬಿಟ್ಟಿದ್ದರು.

ಆ ದಿನ ಬಂದ ಒಬ್ಬ ಹುಡುಗ ಒಳಗೆ ಇಳಿಯುತ್ತೇನೆ ಅಂದ. ಬೇಡವೇ ಬೇಡ ಅಂದೆವು. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾನೂನು ರಕ್ಷಣಾ ಸಾಧನವಿಲ್ಲದೆ ಹಾಗೆ ಇಳಿಸುವುದನ್ನು ನಿಷೇಧಿಸಿದೆ, ಮತ್ತೆ ಅದು ಕಾನೂನಿಗಿಂತ ದೊಡ್ಡ ಮಾತು. ಅಲ್ಲಿನ ಗಾಳಿ ಒಂದೇ ಉಸಿರಿಗೆ ಪ್ರಾಣ ತೆಗೆಯಬಹುದು. ಜನರೆಲ್ಲ ಸೇರಿ ಕಾರನ್ನು ತಳ್ಳಿದೆವು, ಕಾಂಕ್ರೀಟ್ ಒಡೆಸಿದೆವು, ಸಂಜೆ ಹೊತ್ತಿಗೆ ಮೆಷಿನ್ನಿನಿಂದಲೇ ಕೆಲಸ ಮುಗಿಯಿತು.

ಕಾರಣ ಬರೀ ಕಸವಲ್ಲ. ನಮ್ಮ ಬೀದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಯವರು ತಾರಸಿ ಮಳೆ ನೀರಿನ ಪೈಪನ್ನು ಯುಜಿಡಿಗೇ ಕೊಟ್ಟಿದ್ದೆವು. ನಮ್ಮ ಮನೆಯದೂ ಹಾಗೇ ಇತ್ತು. ಅಡುಗೆ ಮನೆ, ಬಚ್ಚಲಿನ ನೀರಿಗೆ ಅಂತ ಹಾಕಿದ ಪೈಪಿಗೆ ಇಡೀ ಬೀದಿಯ ಮಳೆ ಬಿದ್ದರೆ ಅದು ಎಲ್ಲಿಗೆ ಹೋಗಬೇಕು? ತಗ್ಗಿನಲ್ಲಿರುವ ಮನೆಯ ಬಚ್ಚಲಿಗೆ ತಿರುಗಿ ಬರುತ್ತದೆ. ಆಮೇಲೆ ನಾವು ಒಂಬತ್ತು ಮನೆಯವರು ಪೈಪು ಬದಲಾಯಿಸಿದೆವು. ಕೆಲವರು ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪ್‌ಗೆ ಬಿಟ್ಟುಕೊಂಡರು, ಕೆಲವರು ಮಳೆ ಚರಂಡಿಗೆ. ಸಂಪ್‌ಗೆ ಬಿಡುವವರು ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಿ, ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ. ಸಂಪಿನ ಮುಚ್ಚಳ ಭದ್ರವಾಗಿರಲಿ. ಡೆಂಗಿ ಸೊಳ್ಳೆ ನಿಂತ ತಿಳಿನೀರಿನಲ್ಲಿ ಎಂಟು ಹತ್ತು ದಿನದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗುತ್ತದೆ, ಅದಕ್ಕೆ ನಾವು ಪ್ರತಿ ಭಾನುವಾರ ಹೂಕುಂಡದ ತಟ್ಟೆ, ಡ್ರಮ್ಮು ಎಲ್ಲ ಬಗ್ಗಿಸಿ ಒಣಗಿಸುತ್ತೇವೆ. ಅಡುಗೆ ಎಣ್ಣೆಯನ್ನು ಸಿಂಕಿಗೆ ಸುರಿಯುವುದನ್ನೂ ಬಿಟ್ಟಿದ್ದೇವೆ, ಅದು ಪೈಪಿನೊಳಗೆ ಮೇಣದ ಹಾಗೆ ಗಟ್ಟಿಯಾಗುತ್ತದೆ.

ಉದುರಿದ ಎಲೆಗೆ ಬೆಂಕಿ ಹಾಕುವುದೂ ನಿಂತಿದೆ. ಗಲ್ಲಿಯ ಒಂದು ಮೂಲೆಯಲ್ಲಿ ಇಟ್ಟಿಗೆ ಜೋಡಿಸಿ ತೊಟ್ಟಿ ಮಾಡಿದ್ದೇವೆ, ಗಾಳಿಯಾಡಲು ಅಲ್ಲಲ್ಲಿ ಸಂದು ಬಿಟ್ಟಿದ್ದೇವೆ. ಒಂದು ಪದರ ತರಕಾರಿ ಸಿಪ್ಪೆ, ಅದರ ಮೇಲೆ ದಪ್ಪಗೆ ಒಣ ಎಲೆ, ಆಗಾಗ ಸ್ವಲ್ಪ ಹುಳಿ ಮಜ್ಜಿಗೆ. ಎರಡು ಮೂರು ತಿಂಗಳಿಗೆ ಕಪ್ಪು ಗೊಬ್ಬರ. ವಾಸನೆ ಬಂದರೆ ಎಲೆ ಕಡಿಮೆಯಾಗಿದೆ ಅಂತ ಅರ್ಥ.

ಇಷ್ಟೆಲ್ಲ ನಾವು ಮಾಡಿಕೊಳ್ಳುತ್ತೇವೆ. ನಮ್ಮ ಕೈಯಲ್ಲಿ ಆಗದ್ದನ್ನು ಮಾತ್ರ ನಿಮ್ಮನ್ನು ಕೇಳುತ್ತಿದ್ದೇನೆ. ಮೇ ತಿಂಗಳು ಮುಗಿಯುವುದರೊಳಗೆ, ಅಂದರೆ ಮಳೆ ಹಿಡಿಯುವ ಮುಂಚೆ, ಜೆಟ್ಟಿಂಗ್ ಗಾಡಿ ಒಂದು ಸಲ ಬರಲಿ. ಉಕ್ಕಿದ ಮೇಲೆ ಬಂದರೆ ಅಜ್ಜಿಗೆ ಏನು ಉಪಯೋಗ? ಹೂತು ಹೋದ ಮುಚ್ಚಳಗಳನ್ನೆಲ್ಲ ಹುಡುಕಿ ಮೇಲೆ ಎತ್ತಿಸಿ, ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಗುರುತು ಹಾಕಿಸಿ. ಮಾಲೀಕರು ಕದಲಿಸದ ವಾಹನಗಳನ್ನು ತೆಗೆಸಿ, ಅದು ನಾವು ಹೇಳಿದರೆ ಜಗಳವಾಗುತ್ತದೆ. ದಯವಿಟ್ಟು ಗಲ್ಲಿಗೆ ಪೂರ್ತಿ ಕಾಂಕ್ರೀಟ್ ಹಾಕಿಸಬೇಡಿ. ಅನುದಾನ ಬಂದ ತಕ್ಷಣ ಮೊದಲು ಆಗುವ ಕೆಲಸ ಅದೇ ಅಂತ ಗೊತ್ತು, ಆದರೆ ನೀರು ಇಂಗುವುದಕ್ಕೆ ನಮಗೆ ಉಳಿದಿರುವ ಮಣ್ಣು ಅದೊಂದೇ.

ಇನ್ನೊಂದು ಮಾತು, ಪೌರಕಾರ್ಮಿಕರದ್ದು. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದಾಗ ನಾವೆಲ್ಲ ಎದೆಯುಬ್ಬಿಸಿ ಓಡಾಡಿದೆವು. ಆದರೆ ಬೆಳಗ್ಗೆ ಸೀಟಿ ಊದುತ್ತಾ ಬರುವ ಅಮ್ಮನಿಗೆ ನಮ್ಮ ಬೀದಿಯಲ್ಲಿ ಕೈ ತೊಳೆಯಲು ಒಂದು ನಲ್ಲಿ ಇಲ್ಲ, ಬಚ್ಚಲಿಗೆ ಹೋಗಲು ಜಾಗವಿಲ್ಲ. ಗಲ್ಲಿಯ ತುದಿಯಲ್ಲಿ ಒಂದು ಸಣ್ಣ ಕೋಣೆ, ನಲ್ಲಿ, ಶೌಚಾಲಯ ಕಟ್ಟಿಸಿಕೊಡಿ. ಅವರ ಹಿಂದಿನ ತಲೆಮಾರಿನವರು ಬುಟ್ಟಿ ಹೊತ್ತು ನಡೆದ ದಾರಿಯಲ್ಲಿ ಅವರು ಕೂತು ಟೀ ಕುಡಿಯುವಂತಾಗಲಿ. ನೀರಿನ ಬಿಲ್ಲು ನಾವು ಹಂಚಿಕೊಳ್ಳುತ್ತೇವೆ, ಒಂಬತ್ತು ಮನೆಯವರೂ ಒಪ್ಪಿದ್ದಾರೆ.

ಗಲ್ಲಿಗೆ ಒಂದು ಕಬ್ಬಿಣದ ಗೇಟು ಇದೆ. ಬೀಗದ ಕೈ ಅಜ್ಜಿಯ ಮನೆಯಲ್ಲಿ, ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದ್ದಾರೆ. ಭಾನುವಾರ ಬೆಳಗ್ಗೆ ಏಳು ಗಂಟೆಗೆ ಬಂದರೆ ನಾವೆಲ್ಲ ಅಲ್ಲೇ ಇರುತ್ತೇವೆ.

ಇಂತಿ,
ಕೃಷ್ಣಮೂರ್ತಿಪುರಂನ ಒಬ್ಬ ನಿವಾಸಿ