ಸಂಗೀತ ದತ್ತಿನಿಧಿಗಳ ಗಂಟು ಬಿಚ್ಚಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರೇ,

ವಿಶ್ವವಿದ್ಯಾಲಯಗಳ ಸಂಗೀತ ವಿದ್ಯಾರ್ಥಿಗಳಿಗೆ ದಾನಿಗಳ ಹಣ ಸಾಲದು ಎಂಬ ದೂರು ಎಲ್ಲ ಸಭೆಗಳಲ್ಲೂ ಕೇಳಿಬರುತ್ತದೆ. ಬಂದ ಹಣವೇ ಖರ್ಚಾಗದೆ ಕೂತಿರುವ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಎಡವಟ್ಟಾಗುವುದು ದಾನದ ಷರತ್ತು ಬರೆದಿಡುವ ದತ್ತಿಪತ್ರದ ಒಕ್ಕಣೆಯಲ್ಲಿ. ಎಲ್ಲ ವಿಶ್ವವಿದ್ಯಾಲಯಗಳೂ ಬಳಸಬೇಕಾದ ಮಾದರಿ ದತ್ತಿಪತ್ರವೊಂದನ್ನು ನಿಮ್ಮ ಇಲಾಖೆ ಹೊರಡಿಸಲಿ ಎಂದು ಕೇಳಲು ಈ ಪತ್ರ.

ಸಾಮಾನ್ಯವಾಗಿ ಒಕ್ಕಣೆ ಹೀಗಿರುತ್ತದೆ: ‘ಸ್ನಾತಕೋತ್ತರ ಎರಡನೇ ವರ್ಷದಲ್ಲಿ ಕೊಳಲು ಅಭ್ಯಾಸ ಮಾಡುವ, ಅತಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿಗೆ.’ ಸಂಗೀತ ವಿಭಾಗಗಳು ಚಿಕ್ಕವು. ಒಂದು ವಾದ್ಯಕ್ಕೆ ವರ್ಷಕ್ಕೆ ಇಬ್ಬರು ಮೂವರು ಸೇರಿದರೆ ದೊಡ್ಡದು. ಕೊಳಲಿಗೆ ಯಾರೂ ಬಾರದ ವರ್ಷ ಬಡ್ಡಿ ಹೋಗಿ ಅಸಲಿಗೆ ಸೇರುತ್ತದೆ. ಪಕ್ಕದ ಕೋಣೆಯಲ್ಲಿ ಪಿಟೀಲು ಕಲಿಯುವವಳು ಶುಲ್ಕ ಕಟ್ಟಲಾಗದೆ ಬಿಟ್ಟು ಹೋಗುತ್ತಾಳೆ. ಇದನ್ನು ತಪ್ಪಿಸಲು ಒಂದು ಸಾಲು ಸಾಕು: ‘ಅರ್ಹರು ಸಿಗದಿದ್ದರೆ ಅದೇ ವರ್ಷ ಹತ್ತಿರದ ವಾದ್ಯದವರಿಗೆ, ಅವರೂ ಇಲ್ಲದಿದ್ದರೆ ವಿಭಾಗದ ಯಾರಿಗಾದರೂ.’

ಹಳೆಯ ಪತ್ರಗಳದು ಬೇರೆ ಕಥೆ. ಬದಲಾವಣೆಗೆ ಒಪ್ಪಬೇಕಾದ ದಾನಿಯೇ ತೀರಿಕೊಂಡಿರುತ್ತಾರೆ. ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ ಸಿ-ಪ್ರೇ ಎಂಬ ತತ್ತ್ವವಿದೆ. ದಾನಿಯ ಉದ್ದೇಶ ನಡೆಯದಂತಾದಾಗ ನ್ಯಾಯಾಲಯ ಹಣವನ್ನು ಅದಕ್ಕೆ ತೀರ ಹತ್ತಿರದ ಉದ್ದೇಶಕ್ಕೆ ತಿರುಗಿಸಬಹುದು. ಆದರೆ ಸಣ್ಣ ನಿಧಿಯನ್ನು ವಕೀಲರ ಶುಲ್ಕವೇ ನುಂಗಿಬಿಡುತ್ತದೆ. ಅಮೆರಿಕದಲ್ಲಿ 2006ರಲ್ಲಿ ರೂಪುಗೊಂಡ, ಬಹುತೇಕ ಎಲ್ಲ ರಾಜ್ಯಗಳೂ ಅಂಗೀಕರಿಸಿದ ಮಾದರಿ ಕಾನೂನು ಇದಕ್ಕೊಂದು ಕಿರುದಾರಿ ತೆರೆಯಿತು: ನಿಧಿ 25,000 ಡಾಲರಿಗಿಂತ ಚಿಕ್ಕದಿದ್ದು 20 ವರ್ಷ ದಾಟಿದ್ದರೆ, ರಾಜ್ಯದ ಕಾನೂನು ಮುಖ್ಯಸ್ಥರಾದ ಅಟಾರ್ನಿ ಜನರಲ್‌ಗೆ ತಿಳಿಸಿ 60 ದಿನ ಕಾದು, ಸಂಸ್ಥೆಯೇ ಷರತ್ತು ಸಡಿಲಿಸಬಹುದು. ರಾಜ್ಯದಿಂದ ರಾಜ್ಯಕ್ಕೆ ಅಂಕಿ ಬದಲಾಗುತ್ತದೆ, ಕ್ರಮ ಅದೇ. ಅಂಥ ವಿಧಿಯೊಂದನ್ನು ನೀವೂ ತನ್ನಿ.

ಬಂದ ಬಡ್ಡಿಯನ್ನೆಲ್ಲ ಹಂಚಿಬಿಡುವುದು ಇನ್ನೊಂದು ತಪ್ಪು. ಅಸಲು 100 ಎನ್ನಿ. ಗಳಿಕೆ ಶೇ 7, ಬೆಲೆಯೇರಿಕೆ ಶೇ 5. ಏಳನ್ನೂ ಹಂಚುತ್ತ ಹೋದರೆ 14 ವರ್ಷಕ್ಕೆ ಅಸಲಿನ ಬೆಲೆ ಅರ್ಧವಾಗಿರುತ್ತದೆ. ಒಂದು ಕಾಲಕ್ಕೆ ವರ್ಷದ ಶುಲ್ಕ ಭರಿಸುತ್ತಿದ್ದ ದತ್ತಿ ಕೊನೆಗೆ ವಾದ್ಯದ ಒಂದು ಜೊತೆ ತಂತಿಗೆ ಬಂದು ನಿಲ್ಲುವುದು ಹೀಗೆ. ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ನಿಧಿಯ ಕೆಲವು ವರ್ಷಗಳ ಸರಾಸರಿ ಮೌಲ್ಯದ ಶೇ 4ರಿಂದ 5ರಷ್ಟು ಖರ್ಚು ಮಾಡುತ್ತವೆ ಎಂದು ಎಲ್ಲರೂ ಉದಾಹರಿಸುತ್ತಾರೆ. ಅವು ಷೇರುಗಳಲ್ಲೂ ಹೂಡುತ್ತವೆ ಎಂಬುದನ್ನು ಮರೆಯುತ್ತಾರೆ. ಠೇವಣಿಯನ್ನೇ ನಂಬಿದ ನಿಧಿಗೆ ಆ ಅಂಕಿ ಒಗ್ಗದು. ಮೇಲಿನ ಲೆಕ್ಕದಲ್ಲಿ ಬೆಲೆಯೇರಿಕೆಯ ಐದನ್ನು ಅಸಲಿಗೆ ಸೇರಿಸಿದರೆ ಹಂಚಬಹುದಾದದ್ದು ಬರೀ ಎರಡು. ಆದ್ದರಿಂದ ಮೊತ್ತ ಚಿಕ್ಕದಿದ್ದರೆ ಹತ್ತು ವರ್ಷದಲ್ಲಿ ಅಸಲು ಸಮೇತ ಮುಗಿಸುವ ನಿಧಿಯೇ ಮೇಲು. ಹೆಸರು ಸೂರ್ಯಚಂದ್ರರಿರುವ ತನಕ ಇರಲೆಂದು ಬಂದ ದಾನಿಗೆ ಇದನ್ನು ಹೇಳಲು ಕುಲಸಚಿವರಿಗೆ ಸಂಕೋಚ. ಮಾದರಿ ಪತ್ರದಲ್ಲೇ ಇದ್ದರೆ ಅವರಿಗೂ ಸಲೀಸು.

ಹಣ ಕೈಸೇರುವ ಹೊತ್ತೂ ಮುಖ್ಯ. ಅಂತಿಮ ಅಂಕಪಟ್ಟಿ ನೋಡಿ ಕೊಡುವ ಹಣ ಬಹುಮಾನವೇ ಹೊರತು ನೆರವಲ್ಲ. ನೆರವು ಬೇಕಿದ್ದವರು ಅಷ್ಟರಲ್ಲಿ ಓದು ಬಿಟ್ಟಿರುತ್ತಾರೆ. ಪ್ರವೇಶ ಪರೀಕ್ಷೆಯ ಗಾಯನ, ವಾದನ ಕೇಳಿದ ಕೂಡಲೇ ಆಯ್ಕೆ ಮುಗಿಸಿ, ಶುಲ್ಕದ ಕೊನೆಯ ದಿನಕ್ಕೆ ಮೊದಲು ಅರ್ಧ ಹಣ ಕೊಡಬೇಕು. ಆಯ್ಕೆಯ ಮೊದಲ ಸುತ್ತಿನಲ್ಲಿ ಅಭ್ಯರ್ಥಿ ಯಾರೆಂದು ಕಾಣದಂತೆ ಪರದೆಯ ಹಿಂದೆ ಹಾಡಲಿ, ನುಡಿಸಲಿ. ತಮ್ಮ ಶಿಷ್ಯರ ಸರದಿ ಬಂದಾಗ ಗುರುಗಳು ಅಂಕ ಹಾಕದೆ ಎದ್ದು ಹೋಗಲಿ. ದಾನಿಗೆ ಸಮಿತಿಯಲ್ಲಿ ಮತ ಬೇಡ, ಸಂಗೀತ ಕಛೇರಿಗೆ ಆಹ್ವಾನ ಸಾಕು.

ಶುಲ್ಕವೊಂದನ್ನೇ ಭರಿಸುವ ವಿದ್ಯಾರ್ಥಿವೇತನ ಸಂಗೀತಕ್ಕೆ ಸಾಲುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆ 1928ರಿಂದಲೂ ಬೋಧನಾ ಶುಲ್ಕ ಪಡೆಯುತ್ತಿಲ್ಲ. ಯೇಲ್ ಸಂಗೀತ ಶಾಲೆಗೆ 2005ರಲ್ಲಿ ಬಂದ 10 ಕೋಟಿ ಡಾಲರ್ ದಾನ ಅಲ್ಲಿಯೂ ಶುಲ್ಕ ಇಲ್ಲವಾಗಿಸಿತು. ಆದರೂ ಊಟ, ಬಾಡಿಗೆ ಎಲ್ಲಿಯೂ ತಪ್ಪುವುದಿಲ್ಲ. ಅದರ ಮೇಲೆ ತಂತಿ, ರೀಡು, ಮೃದಂಗದ ಮುಚ್ಚಿಗೆ, ಪಿಟೀಲಿನ ಕಮಾನಿಗೆ ಹೊಸ ಕೂದಲು, ವಾದ್ಯದ ವಿಮೆ, ಪಕ್ಕವಾದ್ಯದವರ ಸಂಭಾವನೆ. ಪಾಶ್ಚಾತ್ಯ ಊದುವಾದ್ಯ ಓಬೋ ನುಡಿಸುವವರ ರೀಡು ಕೆಲವೇ ವಾರಗಳಲ್ಲಿ ಸೋಲುತ್ತದೆ. ‘ಬೋಧನಾ ಶುಲ್ಕಕ್ಕೆ ಮಾತ್ರ’ ಎಂದು ಬರೆದಿದ್ದರೆ ಇದ್ಯಾವುದಕ್ಕೂ ಲೆಕ್ಕಪರಿಶೋಧಕರು ಒಪ್ಪುವುದಿಲ್ಲ, ಒಪ್ಪಲಾರರು ಕೂಡ.

ಫೆಲೋಶಿಪ್ ಪಡೆವ ಸಂಶೋಧಕರಿಂದ ಪಾಠ ಮಾಡಿಸುವುದಾದರೆ ವಾರಕ್ಕೆ ಇಷ್ಟೇ ಗಂಟೆ ಎಂದು ಪತ್ರದಲ್ಲಿರಲಿ. ಇಲ್ಲದಿದ್ದರೆ ಖಾಲಿ ಹುದ್ದೆಯ ಕೆಲಸವೆಲ್ಲ ಅವರ ತಲೆಗೇ.

ಕೊನೆಯದಾಗಿ, ಹೊರಗೆ ಕಾಣದ ಒಂದು ಸಂಗತಿ. ವಿದ್ಯಾರ್ಥಿಗೆ ದಾನಿಯ ವಿದ್ಯಾರ್ಥಿವೇತನ ಬಂತೆಂದು ತಿಳಿದೊಡನೆ ಕೆಲವು ಸಂಸ್ಥೆಗಳು ತಾವು ಕೊಡುತ್ತಿದ್ದ ರಿಯಾಯಿತಿಯನ್ನು ಅಷ್ಟೇ ಕಡಿತಗೊಳಿಸುತ್ತವೆ. ವಿದ್ಯಾರ್ಥಿಗೆ ಚಿಕ್ಕಾಸೂ ಹೆಚ್ಚಾಗದು, ಉಳಿತಾಯ ಸಂಸ್ಥೆಗೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ ತನ್ನ ಸಾರ್ವಜನಿಕ ಸಂಸ್ಥೆಗಳಲ್ಲಿ ಇದಕ್ಕೆ 2017ರಲ್ಲಿ ಕಾನೂನಿನ ಕಡಿವಾಣ ಹಾಕಿತು. ಇದಕ್ಕೆ ಮಾದರಿ ಪತ್ರ ಬರುವ ತನಕ ಕಾಯಬೇಕಿಲ್ಲ, ನಿಮ್ಮದೊಂದು ಸುತ್ತೋಲೆ ಸಾಕು.

ಇಂತಿ,
ಸಂಗೀತ ದತ್ತಿನಿಧಿಗಳ ಲೆಕ್ಕಪತ್ರ ನೋಡುವ ಕೆಲವರು